ರನ್‌ವೇ ಮೇಲಿನ ಕೈ

ಹುಕ್ಕೇರಿ ಬಾಜೂ ಯುದ್ಧಕಾಲದ ವಿಮಾನಗಳು ಇಳಿಯುತ್ತಿದ್ದ ಬಯಲೊಂದಿತ್ತು. ಆಕಾಶದಿಂದ ತೆಗೆದ ಅದರ ಹಳೆ ಫೋಟೋ ಹುಡುಕುತ್ತ ಪತ್ರಾಗಾರಕ್ಕೆ ಹೋಗಿದ್ದೆ. ಫೋಟೋ ಸಿಕ್ಕಿತು. ನಕಲಿಗೆಂದು ಮೊಬೈಲ್ ಎತ್ತಿದ್ದೇ ತಡ, ಅಲ್ಲಿದ್ದ ಅಂಕಲಗಿ ಕಡೆಯ ಗುಮಾಸ್ತರು ಅಡ್ಡ ಬಂದರು.

"ಮಿಲಿಟರಿ ರನ್‌ವೇ ಐತ್ರಿ. ಫೋಟೋ ತಗಿಯೂಹಂಗಿಲ್ರಿ."

"ಅಲ್ಲೀಗ ಕಬ್ಬ ನಿಂತೈತ್ರಿ!"

"ಕಬ್ಬ ಬಂದ್ರೂ ರೂಲ್ ಹೋಗಿಲ್ರಿ."

ಸಿಟ್ಟಿನಿಂದ ಫೋಟೋ ವಾಪಸ್ ಕೊಡುವಾಗ ಅದರ ಮೂಲೆಯಲ್ಲಿ ನಮ್ಮೂರು ಕಂಡಿತು. ಹಿಡಕಲ್ ಡ್ಯಾಮಿನಲ್ಲಿ ಮುಳುಗುವ ಮುಂಚಿನ ಊರು. ಹೊಳೆ, ಬಾವಿ, ಬಾವಿಯ ಬಾಜೂ ನಮ್ಮ ಮಾಳಿಗೆ ಮನೆ.

"ನಾ ಹುಟ್ಟಿದ ಮನಿರಿ ಇದು," ಎಂದೆ. ಅದರ ಮೇಲೆ ಬೆರಳಿಟ್ಟು ತೋರಿಸಿದೆ.

ಗುಮಾಸ್ತರು ಬಗ್ಗಿ ನೋಡಿದರು. ಆಮೇಲೆ ರನ್‌ವೇ ಪೂರಾ ಮುಚ್ಚುವಂತೆ ಅಂಗೈ ಊರಿ, "ಈಗ ತಗೀರಿ," ಎಂದರು.

ಆ ಚಿತ್ರ ಈಗ ನನ್ನ ಕೋಣೆಯ ಗೋಡೆಯ ಮೇಲಿದೆ. ಬಂದವರು ಊರಿನ ಬಗ್ಗೆ ಕೇಳದೆ ಆ ಕೈ ಯಾರದೆಂದು ಕೇಳುತ್ತಾರೆ. ದೇಶದ ಗುಟ್ಟು ಕಾಯುತ್ತಿರುವವರದು ಎನ್ನುತ್ತೇನೆ.