ತರಗತಿ ಬಾಗಿಲಲ್ಲಿ ಸುಣ್ಣದ ಪುಡಿ

ತಿಂಗಳ ಹೆಸರು ಕಲಿಸುವ ಹಾಡಿನ ನಡುವೆ ನನ್ನ ದನಿ ಕೈಕೊಟ್ಟಿತು. ಆಷಾಢದವರೆಗೆ ಸರಿಯಾಗಿ ಬಂತು, ಶ್ರಾವಣ ಬರಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಆಟವಾಡಿಸುತ್ತಿದ್ದೇನೆ ಎಂದುಕೊಂಡು ಮಕ್ಕಳು ನಕ್ಕರು. ನಾನೂ ನಕ್ಕೆ.

ಸಾದಲಿ ಕಡೆಯ ಒಂದು ಹಳ್ಳಿಯಲ್ಲಿ ಇಬ್ಬರೇ ಮೇಷ್ಟ್ರಿರುವ ಸರ್ಕಾರಿ ಶಾಲೆ ನಮ್ಮದು. ಹೆಡ್‌ಮಾಸ್ಟರ್ ವೆಂಕಟರೆಡ್ಡಿ ಸರ್ ನಾಲ್ಕು, ಐದನೇ ತರಗತಿ ನೋಡಿಕೊಳ್ಳುತ್ತಾರೆ. ಒಂದರಿಂದ ಮೂರರವರೆಗಿನ ಚಿಕ್ಕವರು ನನ್ನ ಪಾಲು. ನಾನು ಗದರಿದರೆ ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ತಾಯಂದಿರೂ ತಿರುಗಿ ನೋಡುತ್ತಿದ್ದರು. ಅದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಸೀಮೆಸುಣ್ಣದ ಧೂಳು ಎಂದುಕೊಂಡು ಒಂದು ತಿಂಗಳು ಬಿಸಿನೀರು, ಅರಿಶಿನ, ಜೇನುತುಪ್ಪದಲ್ಲೇ ಕಳೆದೆ. ಮನೆಯವರು ಮಂಜುನಾಥ, ಚಿಂತಾಮಣಿ ಕಡೆಗೆ ಖಾಸಗಿ ಬಸ್ ಓಡಿಸುತ್ತಾರೆ. ಮನೆಯಲ್ಲಿ ಈಗ ರೇಡಿಯೋ ಕೇಳಿಸುತ್ತದೆ ಎಂದು ಅವರು ತಮಾಷೆ ಮಾಡಿದರು. ಒಂದು ದಿನ ಮುದ್ದೆ ನುಂಗುವಾಗ ನನ್ನ ಕುತ್ತಿಗೆಯನ್ನೇ ನೋಡುತ್ತಾ ಕೂತರು. "ಇನ್ನೊಂದು ಸಲ ನುಂಗು" ಅಂದರು. ನುಂಗಿದೆ. ಕುತ್ತಿಗೆಯಲ್ಲಿ ಸಣ್ಣ ಗಂಟೊಂದು ಮೇಲೆ ಕೆಳಗೆ ಆಡುತ್ತಿತ್ತಂತೆ. ಅವರು ಊಟ ಬಿಟ್ಟು ಎದ್ದರು.

ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಆಯಿತು. ಗಂಟಿಗೆ ಸೂಜಿ ಚುಚ್ಚಿ ಎಫ್‌ಎನ್‌ಎಸಿ ಪರೀಕ್ಷೆ ಮಾಡಿದರು.

ಥೈರಾಯ್ಡ್ ಕ್ಯಾನ್ಸರ್.

"ಭಯ ಬೇಡಮ್ಮ. ಕ್ಯಾನ್ಸರ್‌ಗಳಲ್ಲಿ ಇದು ಸಾಧು" ಎಂದರು ಡಾಕ್ಟರ್, ಸಂತೆಯಲ್ಲಿ ಹಸು ತೋರಿಸುವವರ ಹಾಗೆ. ನಾನು ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಪಾಠ ಮಾಡಬಹುದಾ ಎಂದು. "ಮೊದಲು ಆಪರೇಷನ್ ಆಗ್ಲಿ" ಎಂದರು.

ಆಪರೇಷನ್ ಬೆಂಗಳೂರಿನಲ್ಲಾಯಿತು. ಎಚ್ಚರವಾದಾಗ ನರ್ಸ್ ಹತ್ತಿರ ನೀರು ಕೇಳಿದೆ. ಆಕೆ ತಿರುಗಲಿಲ್ಲ. ಮತ್ತೆ ಕೇಳಿದೆ. ಆಮೇಲೆ ಗೊತ್ತಾಯಿತು, ಎರಡು ಸಲವೂ ಬಾಯಿಂದ ಸದ್ದೇ ಹೊರಟಿರಲಿಲ್ಲ.

ಗಡ್ಡೆ ದನಿಯ ನರಕ್ಕೇ ಅಂಟಿಕೊಂಡಿತ್ತಂತೆ. ಎಡಗಡೆಯ ದನಿತಂತು, ವೋಕಲ್ ಕಾರ್ಡ್, ಅಲುಗಾಡುತ್ತಿಲ್ಲ. "ಆರು ತಿಂಗಳು ಕಾಯೋಣ. ಬರಬಹುದು, ಬರದೆಯೂ ಇರಬಹುದು. ಕೂಗಬೇಡಿ, ಪಿಸುಗುಟ್ಟಲೂ ಬೇಡಿ. ಇನ್‌ಫೆಕ್ಷನ್ ಆಗದ ಹಾಗೆ ನೋಡ್ಕೊಳ್ಳಿ" ಎಂದರು ಸರ್ಜನ್.

ಮನೆಗೆ ಬಂದ ಮೇಲೆ ನೀರು ಕುಡಿಯುವುದನ್ನೂ ಹೊಸದಾಗಿ ಕಲಿತೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಒಂದೊಂದೇ ಗುಟುಕು. ಇಲ್ಲದಿದ್ದರೆ ನೆತ್ತಿಗೇರುತ್ತಿತ್ತು. ನೋಡಲು ಬಂದವರು ನನಗೆ ಕಿವಿಯೂ ಕೇಳದು ಎಂಬಂತೆ ಜೋರಾಗಿ ಮಾತಾಡುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದೂ ಸಾಕಾಯಿತು. ಕಾಯಿಲೆ ಮನುಷ್ಯರನ್ನು ಮಾಗಿಸುತ್ತದೆ ಎನ್ನುತ್ತಾರೆ, ನನ್ನನ್ನು ಅದು ಬರೀ ಮಂಕು ಮಾಡಿತು.

ವೆಂಕಟರೆಡ್ಡಿ ಸರ್ ಮನೆಗೆ ಬಂದು ದಾರಿಯೊಂದನ್ನು ತೋರಿಸಿದರು. "ತಾಲ್ಲೂಕು ಆಫೀಸಿಗೆ ಡೆಪ್ಯುಟೇಶನ್ ಕೇಳಿ ಮೇಡಂ. ಫೈಲಿಗೆ ಗಂಟ್ಲು ಬೇಕಾಗಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅರ್ಜಿ ಬರೆದೆ. ಕ್ಲಸ್ಟರ್ ಅಧಿಕಾರಿ ಬಂದಾಗ ಕೈಗೆ ಕೊಡುವುದು ಎಂದಾಯಿತು. ರಜೆ ಮುಗಿದಿದ್ದರಿಂದ ಅಲ್ಲಿಯವರೆಗೆ ಶಾಲೆಗೆ ಹೋಗಲೇಬೇಕಿತ್ತು. ಮಕ್ಕಳು ಮಗ್ಗಿ ಬರೆಯುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಕೆಂಪು ಪೆನ್ನಲ್ಲಿ ಸರಿ ಹಾಕುತ್ತಿದ್ದೆ.

ನನ್ನ ಮೇಲಿನ ಕಾಳಜಿಯಿಂದ ಸರ್ ಮಕ್ಕಳಿಗೆ ಒಂದು ಮಾತು ಹೇಳಿದ್ದರು. "ಮಿಸ್‌ಗೆ ಯಾವ ರೋಗಾನೂ ತಗುಲಬಾರ್ದು, ಹುಷಾರಾಗಿರ್ಬೇಕು."

ನಮ್ಮ ಕಡೆಯ ಮಕ್ಕಳಿಗೆ ರೋಗ ತಗುಲಬಾರದು ಎಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ. ಹುಳುಮನೆಯ ಬಾಗಿಲಿಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿರುತ್ತಾರೆ. ಕೈಕಾಲು ತೊಳೆಯದೆ ಒಳಗೆ ಯಾರನ್ನೂ ಬಿಡುವುದಿಲ್ಲ.

ಅಧಿಕಾರಿ ಬರುವ ದಿನ ನಾನು ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಿದ್ದೆ. ಮೂರನೇ ತರಗತಿಯ ಪವಿತ್ರ ಬಾಗಿಲ ಹತ್ತಿರ ಬಕೆಟ್ಟು, ಚೊಂಬು ಹಿಡಿದು ನಿಂತಿದ್ದನ್ನು ಅಧಿಕಾರಿ ಬಂದ ಮೇಲೇ ನೋಡಿದ್ದು. ಹೊಸ್ತಿಲಿಗೆ ಬೆಳ್ಳಗೆ ಪುಡಿ ಚೆಲ್ಲಿತ್ತು.

"ಕಾಲು ತೊಳ್ಕಂಡು ಬನ್ನಿ ಸಾರ್."

ಅಧಿಕಾರಿಯ ಮನೆಯಲ್ಲೂ ಹುಳು ಸಾಕುತ್ತಾರೆ. ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಸುಮ್ಮನೆ ಕಾಲು ತೊಳೆದು ಒಳಗೆ ಬಂದರು. ಅವರ ಹಿಂದೆಯೇ ಗಾಳಿ ಬೀಸಿತು. ಪುಡಿ ಎದ್ದು ನೇರ ನನ್ನ ಮುಖಕ್ಕೆ ಬಂತು.

ಕೆಮ್ಮು ನಿಲ್ಲಲಿಲ್ಲ.

ದನಿ ಇಲ್ಲದವರ ಕೆಮ್ಮಿಗೆ ಬಲವಿರುವುದಿಲ್ಲ. ಉಸಿರು ಹೊರಗೆ ಹೋಗುತ್ತದೆ, ಒಳಗೆ ಬರಲು ಒಪ್ಪುವುದಿಲ್ಲ. ಸತ್ತೇ ಹೋದೆ ಎಂದುಕೊಂಡೆ. ವೆಂಕಟರೆಡ್ಡಿ ಸರ್ ಓಡಿಬಂದು ನನ್ನನ್ನು ಹೊಂಗೆ ಮರದ ಕೆಳಗೆ ಕೂರಿಸಿದರು. ಉಸಿರು ಹತೋಟಿಗೆ ಬರುವ ಹೊತ್ತಿಗೆ ನನ್ನೊಳಗೆ ಬೈಗುಳವೆಲ್ಲ ಸಿದ್ಧವಾಗಿತ್ತು. ತಲೆಯೆತ್ತಿದರೆ ಎದುರಿಗೆ ಪವಿತ್ರ, ಕೈಗೆಲ್ಲ ಸುಣ್ಣ ಮೆತ್ತಿಕೊಂಡು ಅಳುತ್ತಿದ್ದಳು.

"ನಮ್ಮನೆ ಹುಳ ಉಳ್ಕಂಡಿದ್ದು ಹಿಂಗೇ ಮಿಸ್. ನೀವೂ ಉಳೀಲಿ ಅಂತ."

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಾಗೆಂದು ಅವಳನ್ನು ಆ ತಪ್ಪಿನಲ್ಲೇ ಬಿಟ್ಟು ತಾಲ್ಲೂಕು ಆಫೀಸಿಗೆ ಹೊರಡುವುದು ಹೇಗೆ? ಅವಳಿಗೆ ಕೈ ತೊಳೆಸಿ, ಮಕ್ಕಳನ್ನೆಲ್ಲ ಮರದ ಕೆಳಗೆ ಕೂರಿಸಿಕೊಂಡೆ. ಸುಣ್ಣ ಹುಳುಮನೆಗೆ ಯಾಕೆ ಬೇಕು, ನಮ್ಮ ಮೂಗು, ಬಾಯಿ, ಶ್ವಾಸಕ್ಕೆ ಯಾಕೆ ಕೂಡದು ಎಂದು ಹೇಳತೊಡಗಿದೆ. ದನಿ ಅಂದರೆ ಬರೀ ಗಾಳಿ, ನಡುನಡುವೆ ಒಂದು ಎಳೆ ಸದ್ದು. ಹಿಂದಿದ್ದವರು ಹೇಳದೆಯೇ ಮುಂದೆ ಜರುಗಿದರು. ನನ್ನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದರು. ಪಾಠ ಮಾಡಿದ ಹದಿನೆಂಟು ವರ್ಷಗಳಲ್ಲಿ ಮಕ್ಕಳಿಗೆ ನಾನು ಅಷ್ಟು ಹತ್ತಿರದವಳಾಗಿ ಕೂತದ್ದು ನೆನಪಿಲ್ಲ.

ಅಳು ನಿಲ್ಲಿಸಿದ್ದ ಪವಿತ್ರ ಕೇಳಿದಳು. "ಹುಳ ಕೆಮ್ಮಲ್ವಾ ಮಿಸ್?"

"ಗೊತ್ತಿಲ್ಲ ಕಣೆ. ನೀನೇ ನೋಡ್ಕೊಂಡು ಬಂದು ಹೇಳು."

ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು. ಆಪರೇಷನ್ ಆದ ಮೇಲೆ ಮೊದಲನೇ ಸಲ, ಒಳಗಿನಿಂದ.

ಅಧಿಕಾರಿ ಬರಿಗಾಲಲ್ಲಿ ಮರಕ್ಕೆ ಒರಗಿಕೊಂಡು ಪಾಠ ಪೂರ್ತಿ ಕೇಳಿದ್ದರು. "ಅರ್ಜಿ ಕೊಡ್ತೀರಾ ಮೇಡಂ?"

"ಬೇಡ ಸಾರ್."

"ದನಿ ಬರುತ್ತೆ ಅಂದ್ರಾ ಡಾಕ್ಟ್ರು?"

"ಇಲ್ಲ."

ಅವರು ಬೂಟು ಹಾಕಿಕೊಂಡರು.

ಆರು ತಿಂಗಳ ನಂತರ ಗಂಟಲಿಗೆ ಸ್ಕೋಪ್ ಹಾಕಿ ನೋಡಿದರು. ಎಡಗಡೆಯದು ಹಾಗೇ ಇದೆ. ಬಲಗಡೆಯದು ಸ್ವಲ್ಪ ಚಾಚಿ ಅದರ ಕೆಲಸವನ್ನೂ ಮಾಡಲು ಕಲಿತಿದೆ. ಮೆಲ್ಲಗೆ ಮಾತಾಡುವಷ್ಟು ದನಿ ಬಂದಿದೆ. ಹಾಡು ಬರುವುದಿಲ್ಲ, ಮಕ್ಕಳೇ ಹಾಡಿಕೊಳ್ಳುತ್ತಾರೆ, ನಾನು ತಾಳ ಹಾಕುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಅದು ಜೀವನಪೂರ್ತಿ. ಫಾಲೋ ಅಪ್ ಸ್ಕ್ಯಾನಿನ ಹಿಂದಿನ ದಿನ ಈಗಲೂ ಕನ್ನಡಿ ಮುಂದೆ ನಿಂತು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಹಳೆಯ ದನಿ ಬೇಕೆನಿಸುತ್ತದೆ. ಅದು ಎಷ್ಟು ಮಕ್ಕಳನ್ನು ಹೆದರಿಸಿತ್ತೋ ಎಂದೂ ಅನ್ನಿಸುತ್ತದೆ.

ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳು ನನ್ನ ಹಳೆಯ ದನಿಯನ್ನು ಕೇಳಿಯೇ ಇಲ್ಲ. ಮಿಸ್ ಎಂದರೆ ಹೀಗೆ ಮಾತಾಡುವವರು ಎಂದುಕೊಂಡಿದ್ದಾರೆ. ಮೊನ್ನೆ ನೀರಿನ ಬಾಟಲಿ ಮರೆತು ಬಂದ ಒಬ್ಬಳನ್ನು, ಅದನ್ನು ಕೊಡಲು ಬಂದ ಅವಳಮ್ಮ ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ಜೋರಾಗಿ ಗದರಿದರು. ಮಗು ಎದ್ದು ಹೋಗಿ ಅಮ್ಮನ ಸೆರಗು ಜಗ್ಗಿ ಕನ್ನಡದಲ್ಲೇ ಹೇಳಿತು.

"ಮಿಸ್ ತರ ಮೆಲ್ಲಗೆ ಹೇಳಮ್ಮ. ಆಗ ನಂಗೆ ಕೇಳಿಸ್ತೈತೆ."