ಸೈಡ್ ಲೋಯರ್‌ನಲ್ಲಿ ಅಮ್ಮನ ತಲೆ ಯಾವ ಕಡೆ?

ವಿಜಯಪುರದ ಕಡೆ ಹೋಗುವ ರೈಲನ್ನು ನಾವು ಕಡೂರಿನಲ್ಲಿ ಹತ್ತಿದಾಗ ಕತ್ತಲಾಗಿತ್ತು, ಚಳಿಗಾಳಿ ಬೀಸುತ್ತಿತ್ತು. ನಾನು, ಹೆಂಡತಿ ಸುಧಾ, ಆರು ವರ್ಷದ ಮಗಳು ನಿಧಿ ಮತ್ತು ಅಮ್ಮ. ಅಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಹಿಂದಿನ ಸಲ ಹೋದಾಗ ರೈಲಿನಲ್ಲಿ ಅಮ್ಮನಿಗೆ ಒಂದಿಷ್ಟೂ ನಿದ್ದೆ ಬಾರದೆ ಬಿ.ಪಿ. ಏರಿ, ಅಕ್ಕನ ಮನೆಯಲ್ಲಿ ತಾನೇ ಮಲಗಿಬಿಟ್ಟಿದ್ದಳು. ಆಗ ಗಂಜಿ ಮಾಡಿಕೊಟ್ಟವಳು ದೊಡ್ಡಮ್ಮ. ಈ ಸಲ ಅಮ್ಮ ಹೊರಟಿದ್ದೇ ಅವಳನ್ನು ನೋಡಿಕೊಳ್ಳಲು. ಅಮ್ಮನಿಗೆ ನಿದ್ದೆ ಬರಲೇಬೇಕಿತ್ತು.

ಬರ್ತ್ ಆರಿಸುವ ಕೆಲಸ ನನ್ನದು. ಎ.ಸಿ. ಬೋಗಿಯ ದರ ಸ್ಲೀಪರಿನ ಎರಡರಷ್ಟಕ್ಕೂ ಹೆಚ್ಚು. ದರ ಹಾಗಿರಲಿ, ಮುಚ್ಚಿದ ಗಾಜಿನೊಳಗೆ ಅಮ್ಮನಿಗೆ ಉಸಿರು ಕಟ್ಟಿದಂತಾಗುತ್ತದೆ. ಮಂಡಿನೋವಿಗೆ ಮಿಡ್ಲ್, ಅಪ್ಪರ್ ಎರಡೂ ಆಗದು. ಒಳಗಿನ ಲೋಯರ್‌ನಲ್ಲಿ, ಮೇಲಿನ ಮಿಡ್ಲ್ ಬರ್ತ್ ಎತ್ತಿ ಕಟ್ಟಿದ ಮೇಲೆ ನೆಟ್ಟಗೆ ಕೂರಲಾಗುವುದಿಲ್ಲ. ಅಲ್ಲಿ ಸುಧಾ, ನಿಧಿ ಒಟ್ಟಿಗೆ ಮಲಗಲಿ, ಮಿಡ್ಲ್ ನನಗೆ, ಅಮ್ಮನಿಗೆ ಸೈಡ್ ಲೋಯರ್ ಎಂದು ತೀರ್ಮಾನಿಸಿದೆ. ಅವಳದೇ ಕಿಟಕಿ, ಮಗುವಿನ ಒದೆತವಿಲ್ಲ, ಬೇಕೆಂದಾಗ ಎದ್ದು ಕೂರಬಹುದು. ಇವಕ್ಕಿಂತ ದೊಡ್ಡ ಕಾರಣ ಒಂದು ನೆನಪು. ಚಿಕ್ಕವನಿದ್ದಾಗ ಇದೇ ದಾರಿಯಲ್ಲಿ ಅಪ್ಪ ಸೈಡ್ ಲೋಯರ್‌ನಲ್ಲಿ ಕಾಲು ಚಾಚಿ ಗೊರಕೆ ಹೊಡೆದದ್ದನ್ನು ನಾನು ಎದುರಿನಿಂದ ನೋಡಿದ್ದೆ. ಯೂನಿವರ್ಸಿಟಿಯಲ್ಲಿ ಎಲ್ಲಕ್ಕೂ ಪುರಾವೆ ಕೇಳುವುದನ್ನು ಕಲಿತವನು, ಇದೊಂದಕ್ಕೆ ಕೇಳಲಿಲ್ಲ.

ಅಮ್ಮನ ಚಿಂತೆ ಬೇರೆಯದು. ಉತ್ತರಕ್ಕೆ ತಲೆ ಹಾಕಿ ಅವಳು ಮಲಗುವುದಿಲ್ಲ. ಒಳಗಿನ ಬರ್ತ್‌ಗಳು ಹಳಿಗೆ ಅಡ್ಡ, ಅಲ್ಲಿ ತೊಂದರೆಯಿಲ್ಲ. ಸೈಡ್ ಬರ್ತ್ ಹಳಿಯ ಉದ್ದಕ್ಕೇ ಇರುತ್ತದೆ. ರೈಲು ಉತ್ತರಕ್ಕೆ ಹೋಗುವುದರಿಂದ ಹಿಂಬದಿಗೆ ತಲೆ ಹಾಕಿದರೆ ದಕ್ಷಿಣವಾಯಿತು ಎಂದು ಮನೆಯಲ್ಲೇ ಒಪ್ಪಿಸಿದ್ದೆ.

ಬೀರೂರಿನಲ್ಲಿ ತರೀಕೆರೆಯ ಬಟ್ಟೆ ಅಂಗಡಿಯವರೊಬ್ಬರು ಹೆಂಡತಿಯೊಡನೆ ಹತ್ತಿ ನಮ್ಮೆದುರಿಗೆ ಕೂತರು. ಸೊಲ್ಲಾಪುರಕ್ಕೆ ಚಾದರ ತರಲು ಹೊರಟವರು. ನಮ್ಮ ಚಪಾತಿ, ಶೇಂಗಾ ಚಟ್ನಿಪುಡಿ ಅವರಿಗೆ, ಅವರ ಖಾರ ಮಂಡಕ್ಕಿ ನಮಗೆ. ಊಟವಾದ ಮೇಲೆ ಅಮ್ಮ ಶಾಲು ಸುತ್ತಿ ದಿಂಬು ಮಾಡಿ, ಯಾವ ತುದಿಗೆ ಇಡಲಿ ಎಂದು ಇನ್ನೊಮ್ಮೆ ಕೇಳಿದಳು. ಅಂಗಡಿಯವರು ನಕ್ಕರು.

"ಡ್ರೈವರ್‌ನ ಕೇಳ್ಕೊಂಡು ಬರ್ಲಾ ಅಮ್ಮಾ, ದಕ್ಷಿಣ ಯಾವ್ ಕಡೆ ಅಂತ?"

ಅವರ ಹೆಂಡತಿ ನಗಲಿಲ್ಲ. ಸದ್ದಿಲ್ಲದೆ ತನ್ನ ದಿಂಬನ್ನು ಪಶ್ಚಿಮದಿಂದ ಪೂರ್ವಕ್ಕೆ ಬದಲಿಸಿಕೊಂಡರು.

ನನಗೆ ಕುತೂಹಲ ತಡೆಯಲಾಗಲಿಲ್ಲ. ಫೋನಿನಲ್ಲಿ ದಿಕ್ಸೂಚಿ ತೆರೆದೆ. ಬೀರೂರು ದಾಟಿ ಹಳಿ ಬಾಗಿದಂತೆಲ್ಲ ಮುಳ್ಳು ಆಚೀಚೆ ಸರಿಯಿತು. ರಾತ್ರಿ ಯಾವುದೋ ತಿರುವಿನಲ್ಲಿ ನಿನ್ನ ತಲೆ ಎಲ್ಲಿರುತ್ತದೋ ಯಾರಿಗೆ ಗೊತ್ತು ಎಂದು ಅಮ್ಮನಿಗೆ ತೋರಿಸಿದೆ.

"ರೈಲು ತಿರುಗಿದ್ರೆ ಅದು ರೈಲಿನ ಪಾಪ ಕಣೋ," ಎಂದಳು ಅಮ್ಮ. "ಮಲಗೋವಾಗ ನಾನು ಸರಿಯಾಗಿ ಹಾಕ್ಕೊಂಡಿದ್ನಾ, ಅಷ್ಟೆ."

ನಾನು ಫೋನು ಜೇಬಿಗಿಟ್ಟೆ, ಅವಳು ಹಿಂಬದಿಗೆ ತಲೆ ಹಾಕಿ ಮಲಗಿದಳು.

ಅಜ್ಜಂಪುರ ಬರುವಷ್ಟರಲ್ಲಿ ಅವಳು ಎದ್ದು ಸೊಂಟ ಉಜ್ಜಿಕೊಳ್ಳುತ್ತಿದ್ದಳು. ಸೈಡ್ ಲೋಯರ್ ಎಂದರೆ ಎರಡು ಸೀಟುಗಳ ಬೆನ್ನು ಮಡಿಸಿ ಜೋಡಿಸಿದ್ದು. ನಡುವಿನ ಸಂದು ಸರಿಯಾಗಿ ಸೊಂಟಕ್ಕೇ ಬರುತ್ತಿತ್ತು. ಬೆಡ್‌ಶೀಟ್ ಮಡಿಸಿ ತುರುಕಿದರೆ ಅದು ಗಂಟಾಗಿ ಒತ್ತಿತು. ಅಪ್ಪ ಇದರ ಮೇಲೆಯೇ ಹಾಯಾಗಿ ಮಲಗಿದ್ದರಲ್ಲ ಎಂದೆ.

"ನಿಮ್ಮಪ್ಪ ಎಲ್ಲಿ ಮಲಗಿದ್ರು? ರಾತ್ರಿಯೆಲ್ಲಾ ಅಲ್ಲೇ ಕೂತಿದ್ರು. ಗೊರಕೆ ಹೊಡೆದೋನು ನೀನು."

ಸುಧಾ ಕಿಟಕಿಯತ್ತ ಮುಖ ತಿರುಗಿಸಿದಳು, ನಗುವನ್ನು ಮುಚ್ಚಿಕೊಳ್ಳಲು. ನಾನು ಮಾತ್ರ ಆ ದೃಶ್ಯವನ್ನು ಮತ್ತೆ ಮತ್ತೆ ನೆನೆದೆ. ಅಪ್ಪನ ಚಾಚಿದ ಪಾದಗಳು ಈಗಲೂ ಕಾಣುತ್ತಿದ್ದವು. ಅವು ಯಾವ ಊರಿನವು, ಯಾವ ಬೆಂಚಿನ ಮೇಲಿನವು? ಅಥವಾ ಅಮ್ಮನೇ ಮರೆತಿರಬಹುದೇ? ತೀರ್ಪು ಹೇಳುವವರು ಯಾರೂ ಉಳಿದಿರಲಿಲ್ಲ. ಅಮ್ಮನ ಸೊಂಟನೋವು ಮಾತ್ರ ಕಣ್ಣೆದುರಿಗಿತ್ತು.

"ಅತ್ತೆ, ನೀವು ಪುಟ್ಟಿ ಜೊತೆ ಇಲ್ಲಿ ಮಲ್ಕೊಳಿ," ಎಂದು ಸುಧಾ ಎದ್ದಳು. ಮಗು ಒದೆಯುತ್ತದೆ, ಅಮ್ಮನಿಗೆ ನಿದ್ದೆ ಬಾರದು ಎಂದು ನಾನು ತಕರಾರು ತೆಗೆದೆ. ನನ್ನ ಲೆಕ್ಕಾಚಾರವನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಮ್ಮ ಮೊಮ್ಮಗಳನ್ನು ಒಳಕ್ಕೆ ಸರಿಸಿ, ಕಿಟಕಿಯ ಕಡೆ ತಲೆ ಹಾಕಿ ಮಲಗಿದಳು. ಸುಧಾ ಮಿಡ್ಲ್ ಬರ್ತ್‌ಗೆ ಹತ್ತಿದಳು. ಸ್ವಲ್ಪ ಹೊತ್ತಿಗೆ ನಿಧಿಯ ಕಾಲು ಅಜ್ಜಿಯ ಹೊಟ್ಟೆಯ ಮೇಲಿತ್ತು. ಅಮ್ಮ ಅದನ್ನು ಸರಿಸಲಿಲ್ಲ. ಅವಳ ಉಸಿರು ನಿಧಾನವಾಯಿತು.

ಸೈಡ್ ಲೋಯರ್ ನನಗೆ ಬಂತು. ಸಂದಿನ ಮೇಲೆ ಮಲಗಲಾರದೆ ಸೀಟುಗಳ ಬೆನ್ನನ್ನು ಮತ್ತೆ ಎತ್ತಿ ಕೂತೆ.

ಬೆಳಿಗ್ಗೆ ವಿಜಯಪುರದ ಮನೆ ಮುಟ್ಟಿದ ಕೂಡಲೇ ದೊಡ್ಡಮ್ಮನ ಸೊಸೆ ಅಮ್ಮನ ಬಿ.ಪಿ. ನೋಡಿದಳು. ಸರಿಯಾಗಿತ್ತು. ಅಮ್ಮ ಕಾಫಿಯನ್ನೂ ಕುಡಿಯದೆ ಅಕ್ಕನ ಮಂಚದ ಬಳಿ ಕೂತು, ಅವಳ ಸಿಕ್ಕುಗಟ್ಟಿದ ಕೂದಲನ್ನು ಬಿಡಿಸತೊಡಗಿದಳು. ನಿಧಿ ಮಂಚ ಹತ್ತಿ ದೊಡ್ಡಮ್ಮನಿಗೆ ಪ್ರಯಾಣದ ವರದಿ ಒಪ್ಪಿಸಿದಳು.

"ಅಜ್ಜೀ, ಅಪ್ಪ ಕಿಟಕಿ ಹತ್ರ ಕಾಲು ಚಾಚ್ಕೊಂಡು ಮಲಗಿದ್ರು. ಎಷ್ಟು ಗೊರಕೆ ಗೊತ್ತಾ?"

ರಾತ್ರಿಯೆಲ್ಲ ಕೂತೇ ಇದ್ದೆ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಮ್ಮ ನನ್ನತ್ತ ತಿರುಗಿದಳು.

"ಹುಬ್ಬಳ್ಳಿ ಸ್ಟೇಷನ್ ಭಾಳ ದೊಡ್ಡದು ಮಾಡ್ಯಾರಂತಲ್ಲಪ್ಪಾ, ನೋಡಿದ್ಯಾ?"

ಹುಬ್ಬಳ್ಳಿ ಬಂದು ಹೋದದ್ದೇ ನನಗೆ ನೆನಪಿರಲಿಲ್ಲ.