ನಾಲ್ಕು ಹೆಸರಿನ ಒಂದು ಮೈ

ವೈರಸ್‌ಗಳ ಹಿಂದೆ ಬಿದ್ದು ಇಪ್ಪತ್ತು ವರ್ಷದ ಮೇಲಾಯಿತು. ನಿಮಗೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳುವವರಿಗೆ, ನನಗೆ ಮನುಷ್ಯರನ್ನು ಕಂಡರೇ ಹೆಚ್ಚು ಹೆದರಿಕೆ ಎಂದು ಬಾಯಿ ಮುಚ್ಚಿಸುತ್ತೇನೆ. ನಿಜಕ್ಕೂ ಮೈ ನಡುಗಿದ್ದು ಒಂದೇ ಸಲ, ಅದೂ ಮಟಮಟ ಮಧ್ಯಾಹ್ನ, ದೊಡ್ಡಬಳ್ಳಾಪುರದಿಂದ ಬಂದ ನಾಲ್ಕು ಟ್ಯೂಬ್‌ಗಳ ಮುಂದೆ.

ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣ ಒಂದು ವೈರಸ್. ವರ್ಷಗಟ್ಟಲೆ ಸದ್ದಿಲ್ಲದೆ ಮೈಯೊಳಗೆ ಕೂತಿರುತ್ತದೆ. ಬೇಗ ಸಿಕ್ಕಿದರೆ ಹೆಂಗಸು ಬದುಕುತ್ತಾಳೆ, ತಡವಾದರೆ ಇಲ್ಲ. ನಾನು ಹುಟ್ಟಿ ಬೆಳೆದದ್ದೂ ಅದೇ ಊರಿನ ನೇಕಾರರ ಬೀದಿಯಲ್ಲಿ. ನಮ್ಮ ಹೆಂಗಸರು ಸಾಯುವವರೆಗೂ ಡಾಕ್ಟರ ಮುಂದೆ ಮಲಗುವವರಲ್ಲ ಎಂದು ಗೊತ್ತಿತ್ತು. ಅದಕ್ಕೇ ಮನೆಮನೆಗೆ ಹೋಗಿ ಒಂದು ಮೆತ್ತನೆಯ ಬ್ರಷ್, ಒಂದು ಟ್ಯೂಬ್ ಕೊಟ್ಟು ಬಂದೆವು. ಬಚ್ಚಲಿಗೆ ಹೋಗಿ ತಾವೇ ಮಾದರಿ ತೆಗೆದು, ಹೆಸರು ಬರೆಸಿ ಕೊಟ್ಟರೆ ಮುಗಿಯಿತು.

ಆ ನಾಲ್ಕು ಟ್ಯೂಬ್ ಒಂದೇ ಮನೆಯ ನಾಲ್ವರು ಓರಗಿತ್ತಿಯರವು. ನಾಲ್ಕರಲ್ಲೂ ವೈರಸ್! ಒಂದರದು ಇನ್ನೊಂದಕ್ಕೆ ತಾಗಿರಬೇಕೆಂದು ಲ್ಯಾಬಿನ ಹುಡುಗಿಗೆ ಬೈದು, ಮೊದಲಿನಿಂದ ನಾನೇ ಮಾಡಿದೆ. ಮತ್ತೆ ಅದೇ. ಕೊನೆಗೆ ಟ್ಯೂಬಿನಲ್ಲಿದ್ದ ಜೀವಕೋಶಗಳ ಡಿಎನ್‌ಎಯನ್ನೇ ಹೋಲಿಸಿ ನೋಡಿದೆ. ಹೆಸರು ನಾಲ್ಕು, ವಯಸ್ಸು ನಾಲ್ಕು, ಹೆಂಗಸು ಮಾತ್ರ ಒಬ್ಬಳೇ.

ನಾಚಿಕೊಂಡವರ ಬದಲು ಯಾರೋ ಒಬ್ಬಳು ತಾನೇ ಕೊಟ್ಟಿದ್ದಾಳೆ, ಸರಿ. ನಾಲ್ವರನ್ನೂ ಪುಸಲಾಯಿಸಿ ಆರೋಗ್ಯ ಕೇಂದ್ರಕ್ಕೆ ಕರೆಸಿ, ನರ್ಸ್ ಕೈಯಿಂದ ಮತ್ತೆ ಮಾದರಿ ತೆಗೆಸಿದೆ. ಈ ಸಲ ಜೀವಕೋಶಗಳು ನಾಲ್ಕು ಬೇರೆ ಬೇರೆ ಹೆಂಗಸರವು. ವೈರಸ್ ಯಾರಲ್ಲೂ ಇಲ್ಲ. ಮೊದಲ ಟ್ಯೂಬ್‌ಗಳಲ್ಲಿದ್ದವಳು ಈ ನಾಲ್ವರಲ್ಲಿ ಒಬ್ಬಳೂ ಅಲ್ಲ. ಅಬ್ಬಾ, ಆಗ ಹೆದರಿದೆ. ಕ್ಯಾನ್ಸರ್ ಹುಟ್ಟಿರಬಹುದಾದ ಒಬ್ಬ ಹೆಂಗಸು ನನ್ನ ಫ್ರಿಜ್ಜಿನಲ್ಲಿ ನಾಲ್ಕು ಸಲ ಇದ್ದಳು, ನಮ್ಮ ಪಟ್ಟಿಯಲ್ಲಿ ಒಂದು ಸಲವೂ ಇರಲಿಲ್ಲ. ಆ ದಿನವೆಲ್ಲ ಸುಮ್ಮಸುಮ್ಮನೆ ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಿದ್ದೆ.

ಮಾರನೆಯ ದಿನ ಆ ಮನೆಗೇ ಹೋದೆ. ಕರೆಂಟ್ ಹೋಗಿತ್ತು. ಮಗ್ಗಗಳು ನಿಂತಾಗಿನ ಆ ಬೀದಿಯ ಮೌನ ನನಗೆ ಚಿಕ್ಕಂದಿನಿಂದಲೂ ಆಗದು. ನಾಲ್ವರೂ ಗೋಡೆಗೊರಗಿ ಸಾಲಾಗಿ ಕೂತಿದ್ದರು.

“ಬ್ರಷ್ ಯಾರ್ ತಗೊಂಡಿದ್ದು?” ಎಂದೆ.

“ನಾವೇ ಮೇಡಂ, ದೇವ್ರಾಣೆ,” ಎಂದಳು ಹಿರಿಯಳು. ಉಳಿದ ಮೂವರು ಒಟ್ಟಿಗೆ ತಲೆಯಾಡಿಸಿದರು.

ನನಗೆ ಪಿತ್ತ ನೆತ್ತಿಗೇರಿತು. “ಆಣೆಗೀಣೆ ಆಮೇಲೆ! ಒಬ್ಳ ಜೀವದ್ ಪ್ರಶ್ನೆ ಕಣ್ರಮ್ಮಾ ಇದು. ಯಾರು ಅಂತ ಹೇಳ್ದೆ ಇದ್ರೆ ಅವ್ಳು ಸತ್ತೇ ಹೋಗ್ತಾಳೆ!”

ನಾಲ್ವರ ಕಣ್ಣೂ ನನ್ನನ್ನು ದಾಟಿ ಹಿಂದಕ್ಕೆ ಹೋದವು. ತಿರುಗಿ ನೋಡಿದೆ. ಮಗ್ಗಗಳ ನಡುವಿನ ಕತ್ತಲಲ್ಲಿ ಒಬ್ಬಳು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅದೇ ಮನೆಯ ಇನ್ನೊಬ್ಬ ಸೊಸೆ, ಗಂಡ ತೀರಿಕೊಂಡವಳು. ಬ್ರಷ್ ಕೊಡಲು ಹೋದ ದಿನ ನನಗೆ ನೀರು ತಂದುಕೊಟ್ಟವಳೂ ಅವಳೇ ಅಂತೆ. ನನಗೆ ಮುಖದ ನೆನಪೇ ಇರಲಿಲ್ಲ.

“ನಾಲ್ಕೂ ನಂದೇ ಮೇಡಂ,” ಎಂದಳು. “ಇವ್ರು ನಾಚ್ಕೊಂಡ್ರು. ಕೊಡಿ, ನಾನೇ ಮಾಡ್ತೀನಿ ಅಂದೆ. ನಾಲ್ಕ್ರಲ್ಲಿ ಒಂದಾದ್ರೂ ನಿಮ್ ಕಣ್ಗೆ ಬೀಳ್ಲಿ ಅಂತ.”

ಅವತ್ತೇ ನನ್ನ ಕಾರಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಯಿಲೆ ಗರ್ಭಕೋಶ ದಾಟಿ ಹೋಗಿತ್ತು. ಹೊರಗೆ ಬೆಂಚಿನ ಮೇಲೆ ಕೂತಾಗ, “ನಿಮ್ ಹೆಸ್ರಲ್ಲೇ ಯಾಕಮ್ಮಾ ಕೊಡ್ಲಿಲ್ಲ?” ಎಂದು ಗದರಿದೆ. ಅಳು ಬಂದರೂ ಗದರುವ ಬುದ್ಧಿ ನನ್ನದು.

“ಎರಡ್ ವರ್ಷದ್ ಹಿಂದೆ ನಮ್ ಬೀದೀಲಿ ನಿಮ್ದೇ ಕ್ಯಾಂಪ್ ಆಗಿತ್ತಲ್ಲ ಮೇಡಂ, ಬಂದಿದ್ದೆ. ಆಗ್ಲೇ ರಕ್ತ ಹೋಗೋಕ್ ಶುರುವಾಗಿತ್ತು. ಗಂಡ ಇದಾನಾ ಅಂದ್ರು. ಇಲ್ಲ ಅಂದೆ. ಹಂಗಾದ್ರೆ ನಿಮ್ಗ್ ಬೇಕಾಗಿಲ್ಲ, ಎದ್ದೇಳಮ್ಮ ಅಂದ್ರು.”

ಕ್ಯಾಂಪಿನ ಫಾರಂನ ಮೊದಲ ಪ್ರಶ್ನೆ ಅದು. ಗಂಡನಿಲ್ಲದವಳನ್ನು ಇಂಥದ್ದಕ್ಕೆ ಕೂರಿಸಿದರೆ ಬೀದಿಯವರು ಏನಂದುಕೊಂಡಾರು ಎಂದು ಯೋಚಿಸಿ, ನಾನೇ ಬರೆದದ್ದು.